ಗೋಲಿನ ಬಲೆಗೆ ಬಿದ್ದ ಗಂಟು

ನನ್ನ ಕನ್ನಡಕದ ಡಬ್ಬಿಯಲ್ಲಿ ಹಸಿರು ನೈಲಾನ್ ದಾರದ ಒಂದು ತುಂಡಿದೆ. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಕನ್ನಡಕ ತೆಗೆಯುವಾಗಲೆಲ್ಲ ಅದು ಕೆಳಗೆ ಬೀಳುತ್ತದೆ; ಬಗ್ಗಿ ಹುಡುಕಿ ಮತ್ತೆ ಒಳಗಿಡುತ್ತೇನೆ. "ಅತ್ಲಾಗ ಒಗೀರಿ ಅದನ್ನ" ಎಂದು ಗೌರವ್ವ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ಇಷ್ಟು ವರ್ಷಗಳ ಸಂಸಾರದಲ್ಲಿ ನನ್ನ ಹೆಂಡತಿಯ ಎಷ್ಟೋ ಮಾತುಗಳನ್ನು ನಡೆಸಿಕೊಟ್ಟಿದ್ದೇನೆ. ಇದೊಂದನ್ನು ನಡೆಸಿಲ್ಲ.

ನನ್ನ ಬೆರಳುಗಳ ವಿಷಯವನ್ನು ನಿಮಗೆ ಮೊದಲೇ ತಿಳಿಸಿಬಿಡುವುದು ಒಳಿತು. ಅವು ನನ್ನ ಮಾತು ಕೇಳುವುದಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು ಇಳಕಲ್ಲಿನ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟವನು ನಾನು. ಮೊಣಕಾಲು ಬೇಡವೆಂದ ಮೇಲೆಯೇ ಎದ್ದದ್ದು. ಮಗ್ಗದ ಮೇಲೆ ಹಾಸಿನ ಎಳೆಯೊಂದು ಕಡಿದರೆ ಯೋಚಿಸಲು ಪುರುಸೊತ್ತಿರುವುದಿಲ್ಲ. ಕಡಿದ ಎರಡು ತುದಿಗಳನ್ನು ಹಿಡಿ, ಹೊಸೆ, ಗಂಟು ಹಾಕು, ಉಳಿದ ತುದಿಯನ್ನು ಕತ್ತರಿಸು, ಲಾಳಿ ಮತ್ತೆ ಓಡಲಿ. ನನ್ನ ಅಪ್ಪ ಇದನ್ನೇ ಒಂದು ಮಾತಾಗಿ ಮಾಡಿದ್ದ: "ಎಳಿ ಕಡೀತಂದ್ರ ಮೊದ್ಲ ಕೈ, ಆಮ್ಯಾಲ ಬಾಯಿ." ಎಳೆ ಕಡಿಯಿತು ಎಂದು ನಾನು ಬಾಯಿಬಿಟ್ಟು ಹೇಳುವ ಮೊದಲೇ ಗಂಟು ಬಿದ್ದಿರಬೇಕು, ಇಲ್ಲವಾದರೆ ಬೆನ್ನಿಗೆ ಅವನ ಕೈ ಬೀಳುತ್ತಿತ್ತು. ಹೀಗಾಗಿ ನನ್ನ ಕೈಗೂ ತಲೆಗೂ ಇರಬೇಕಾದ ಸಂಬಂಧ ಚಿಕ್ಕಂದಿನಲ್ಲೇ ಕಡಿದುಹೋಯಿತು. ಅದಕ್ಕೆ ಮಾತ್ರ ಯಾರೂ ಗಂಟು ಹಾಕಲಿಲ್ಲ.

ಇದರ ಫಲವನ್ನು ನಾನೊಬ್ಬನೇ ಉಂಡಿಲ್ಲ. ಒಮ್ಮೆ ಹುನಗುಂದದ ಕೋರ್ಟಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲಿನ ವಸ್ತ್ರದ ಜಾಲರಿಯೂ ಸೀಟಿನಿಂದ ಜೋತುಬಿದ್ದ ದಾರವೂ ನನ್ನ ಕೈಗೆ ಸಿಕ್ಕವು. ಊರು ಬಂದಾಗ ಆ ಗೃಹಸ್ಥರು ಎದ್ದರು, ವಸ್ತ್ರ ಏಳಲಿಲ್ಲ. "ಏನ್ರೀ ಯಜಮಾನ್ರ, ನನ್ನೇನು ಎಮ್ಮಿ ಅಂತ ತಿಳದೀರೇನು, ಕಟ್ಟಿ ಹಾಕಾಕ?" ಎಂದು ಅವರು ಕೇಳಿದ್ದು ಇಡೀ ಬಸ್ಸಿಗೆ ಕೇಳಿಸಿತು. ನಾನು ಕಟ್ಟಿದ್ದು ನನಗೇ ಗೊತ್ತಿರಲಿಲ್ಲವೆಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಂಬದಿರುವುದು ನನ್ನ ಇನ್ನೊಂದು ಚಟ. ನಾನು ಓದಲು ಕಲಿತದ್ದು ನೂಲಿನ ಲಡಿಗೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ. ಯಾವ ಸುದ್ದಿಯೂ ನನಗೆ ಪೂರ್ತಿ ಸಿಕ್ಕಿದ್ದಿಲ್ಲ. ಹರಿದುಹೋದ ಅರ್ಧದಲ್ಲಿ ಏನಿದ್ದಿರಬಹುದೆಂದು ಮಗ್ಗದ ಮೇಲೆ ಕುಳಿತು ಯೋಚಿಸುವುದೇ ನನ್ನ ವಿದ್ಯಾಭ್ಯಾಸವಾಯಿತು. ಹಾಗಾಗಿ ಯಾರಾದರೂ ನನ್ನ ಮುಂದೆ ಪೂರ್ತಿಯಾದ ಕಥೆಯೊಂದನ್ನು ಇಟ್ಟರೆ ಅದರ ಹರಿದ ಅಂಚನ್ನು ಹುಡುಕುತ್ತೇನೆ. ಬಾದಾಮಿಯ ಗುಹೆಯಲ್ಲಿ ಒಬ್ಬ ಮಾರ್ಗದರ್ಶಿ ಮೂರ್ತಿಯೊಂದನ್ನು ತೋರಿಸಿ, ಶಿಲ್ಪಿ ಇದನ್ನು ಒಂದೇ ರಾತ್ರಿಯಲ್ಲಿ ಕಡೆದನೆಂದ. "ದೀಪ ಹಿಡದಾವ ಯಾರು?" ಎಂದು ಕೇಳಿದೆ. ಅವನು ಉಳಿದವರನ್ನು ಕರೆದುಕೊಂಡು ಮುಂದಿನ ಗುಹೆಗೆ ಹೋದ.

ನಮ್ಮ ಓಣಿಯ ಫುಟ್‌ಬಾಲ್ ಸಂಘಕ್ಕೆ ನಾನು ಸೇರಿದ್ದೂ ಇದೇ ಚಟದ ದೆಸೆಯಿಂದ. ಸಂಘದ ಕೋಣೆಯಲ್ಲಿ ಒಂದು ಹಳೆಯ ಪಟ ತೂಗುಹಾಕಿದ್ದಾರೆ: ಹನ್ನೊಂದು ಜನ ನೇಕಾರರು, ಎಲ್ಲರೂ ಬರಿಗಾಲು. ಬೂಟು ತೊಟ್ಟ ಸಿಪಾಯಿಗಳ ತಂಡವೊಂದನ್ನು ಇವರು ಬರಿಗಾಲಲ್ಲೇ ಸೋಲಿಸಿದರೆಂದು ಓಣಿಯ ಮಕ್ಕಳಿಗೆ ತೊಟ್ಟಿಲಲ್ಲೇ ಹೇಳುತ್ತಾರೆ. ಒಂದು ದಿನ ನಾನು ಆ ಪಟವನ್ನು ಕೆಳಗಿಳಿಸಿ ಬೆಳಕಿಗೆ ಹಿಡಿದು ನೋಡಿದೆ. ಅವರು ಕುಳಿತ ಬೆಂಚಿನ ಕೆಳಗೆ, ನೆರಳಿನಲ್ಲಿ, ಬೂಟುಗಳ ಸಾಲೊಂದಿತ್ತು. ಇವು ಯಾರವೆಂದು ಕೇಳಿದೆ. ಅಂದು ಸಂಘದಲ್ಲಿ ಎದ್ದ ಗದ್ದಲವನ್ನು ವಿವರಿಸಲಾರೆ. ಕೊನೆಗೆ ಅಧ್ಯಕ್ಷ ಸಂಗಣ್ಣ, ಸೀರೆ ಅಂಗಡಿಯವನು, ಕೈಮುಗಿದು, "ಕಾಕಾಗ ಏನರ ಒಂದ್ ಕೆಲಸಾ ಹಚ್ರಪಾ, ಇಲ್ಲಾಂದ್ರ ಸಂಘ ಉಳಿಯೂದಿಲ್ಲ" ಎಂದ. ಗೋಲಿನ ಬಲೆಯನ್ನು ರಿಪೇರಿ ಮಾಡುವ ಕೆಲಸ ನನಗೆ ಬಂದದ್ದು ಹೀಗೆ. ಪ್ರತಿ ಶುಕ್ರವಾರ ಬಲೆಯನ್ನು ಚೀಲದಿಂದ ತೆಗೆದು, ಹರಿದ ಕಣ್ಣುಗಳನ್ನು ಹಸಿರು ನೈಲಾನ್ ದಾರದಿಂದ ಕಟ್ಟುತ್ತೇನೆ. ಪಂದ್ಯದ ದಿನ ಗೋಲಿನ ಹಿಂದೆ, ಕಂಬದ ಮಗ್ಗುಲಲ್ಲಿ ಒಂದು ಕೆಂಪು ಕಲ್ಲಿನ ಮೇಲೆ ಕುಳಿತು, ಬಲೆಯ ಕಣ್ಣುಗಳಲ್ಲಿ ಬೆರಳು ಸಿಗಿಸಿಕೊಂಡು ಆಟ ನೋಡುತ್ತೇನೆ.

ಈ ಸಲದ ಲೀಗಿನಲ್ಲಿ ನಮಗೆ ಮೊದಲಿನಿಂದಲೂ ಗ್ರಹಚಾರ. ಸಂಗಣ್ಣ ಅಂಗಿಯ ಬಣ್ಣ ಬದಲಿಸಿದ, ಸೋತೆವು. ಕಂಬಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ. ಎದುರಾಳಿಯ ಚೆಂಡು ನಿಂಬೆಹಣ್ಣನ್ನು ಸವರಿಕೊಂಡೇ ಒಳಗೆ ಹೋಯಿತು. ಬಾಗಲಕೋಟೆಯಿಂದ ಒಬ್ಬ ತರಬೇತುದಾರನನ್ನು ಕರೆಸಿದ. ಎರಡು ಸೋಲು ಕಂಡ ಆ ಮನುಷ್ಯ, ತಂಡದೊಡನೆ ಮರಳುವಾಗ ಅಮೀನಗಡದಲ್ಲಿ ಬಸ್ ನಿಂತಾಗ ಕರದಂಟು ತರುತ್ತೇನೆಂದು ಇಳಿದವನು ಮತ್ತೆ ಹತ್ತಲಿಲ್ಲ. ನಗಬೇಡಿ, ನಾವು ನಕ್ಕಿರಲಿಲ್ಲ. ಲೀಗಿನಲ್ಲಿ ಕಟ್ಟಕಡೆಗೆ ನಿಂತ ತಂಡ ಕೆಳಗಿನ ವಿಭಾಗಕ್ಕೆ ಇಳಿಯುತ್ತದೆ. ಮೇಲಿನ ವಿಭಾಗದ ಪಂದ್ಯಗಳು ಭಾನುವಾರ, ಆಯಾ ಊರಿನಲ್ಲಿ. ಕೆಳಗಿನವು ಬಾದಾಮಿಯ ಕಡೆಯ ಒಂದು ಮೈದಾನದಲ್ಲಿ, ವಾರದ ನಡುವೆ. ಮಗ್ಗದವರೂ ಕಲ್ಲಿನ ಕಾರ್ಖಾನೆಯವರೂ ಬುಧವಾರ ಕೆಲಸ ಬಿಟ್ಟು ಬಾದಾಮಿಗೆ ಹೋಗಿ ಚೆಂಡು ಒದೆಯುವುದು ಆಗದ ಮಾತು. ಪಕ್ಕದ ಓಣಿಯ ಸಂಘ ಹೀಗೆಯೇ ಇಳಿದಿತ್ತು. ಅದರ ಕೋಣೆಯಲ್ಲಿ ಈಗ ಹಿಟ್ಟಿನ ಗಿರಣಿ ನಡೆಯುತ್ತಿದೆ. ನಾವೂ ಜೋಳ ಬೀಸಿಸಿಕೊಂಡು ಬರುವುದು ಅಲ್ಲಿಯೇ.

ಎರಡು ಪಂದ್ಯ ಉಳಿದಾಗ ಪರಿಸ್ಥಿತಿ ಹೀಗಿತ್ತು. ನಮಗೂ ಗುಡೂರಿನವರಿಗೂ ಸಮನಾದ ಅಂಕ, ಆದರೆ ಗೋಲುಗಳಲ್ಲಿ ನಾವು ಹಿಂದೆ. ಗುಡೂರಿನವರ ಆಟವೆಲ್ಲ ಮುಗಿದಿತ್ತು. ನಾವು ಎರಡರಲ್ಲಿ ಒಂದು ಪಂದ್ಯವನ್ನು ಸಮ ಮಾಡಿಕೊಂಡರೂ ಉಳಿಯುತ್ತೇವೆ. ಎರಡನ್ನೂ ಸೋತರೆ ಇಳಿಯುತ್ತೇವೆ. ಮೊದಲನೆಯದು ಹುನಗುಂದದವರ ಎದುರು, ನಮ್ಮದೇ ಮೈದಾನದಲ್ಲಿ.

ನಾವು ಅಲ್ಲಿಯವರೆಗಾದರೂ ಬಂದದ್ದು ಮೈಬೂಬನಿಂದ. ಅವನು ನಮ್ಮ ಗೋಲಿ, ಗ್ರಾನೈಟಿಗೆ ಪಾಲಿಶ್ ಹಿಡಿಯುವವನು, ಮೂವತ್ತರ ಹತ್ತಿರದ ಮೌನಿ. ಅವನು ಗೋಲಿನ ಮುಂದೆ, ನಾನು ಹಿಂದೆ; ನಡುವೆ ಬಲೆ. ಅರ್ಧ ಆಟಕ್ಕೆ ಕಡೆ ಬದಲಾದಾಗ ನಾನೂ ಅವನ ಹಿಂದೆಯೇ ಹೋಗುತ್ತೇನೆ, ಆ ಕಡೆಗೂ ನನಗೊಂದು ಕಲ್ಲಿದೆ. ಆಟದುದ್ದಕ್ಕೂ ಅವನು ತಿರುಗಿ ನೋಡದೆ ಒಂದೇ ಪ್ರಶ್ನೆ ಕೇಳುತ್ತಾನೆ: "ಕಾಕಾ, ಎಷ್ಟ್ ಹೊತ್ತ್ ಉಳೀತು?" ನಾನು ಗಡಿಯಾರ ನೋಡಿ ಹೇಳುತ್ತೇನೆ. ನಮ್ಮಿಬ್ಬರ ಸ್ನೇಹವೆಂದರೆ ಇಷ್ಟೇ.

ಅಂದು ಕೊನೆಯ ಘಳಿಗೆಯವರೆಗೂ ಯಾರೂ ಗೋಲು ಹೊಡೆದಿರಲಿಲ್ಲ. ಮೈಬೂಬ ಕೇಳಿದ. "ನಾಕ್ ನಿಮಿಷ" ಎಂದೆ. ಅಷ್ಟರಲ್ಲಿ ಹುನಗುಂದದ ಹುಡುಗನೊಬ್ಬ ಮೂಲೆಯ ಕಡೆಯಿಂದ ಓಡಿಬಂದು, ಗೆರೆಯ ಅಂಚಿನಲ್ಲೇ ನಿಂತು, ಕಣ್ಣು ಮುಚ್ಚಿದಂತೆ ಒದ್ದ. ಚೆಂಡು ಕಂಬದ ಹೊರಗಿನಿಂದ ನೇರ ನನ್ನ ಮುಖದತ್ತ ಬಂತು. ಅದು ಹೊರಗೆ ಹೋಗುವುದು ಖಚಿತವೆಂದು ಮೈಬೂಬ ಅಲುಗಲಿಲ್ಲ. ಬಲೆ ಒಮ್ಮೆ ಬಡಿದ ಸದ್ದು. ಮುಂದಿನ ಕ್ಷಣ ಚೆಂಡು ಗೋಲಿನ ಒಳಗೆ, ಬಲೆಯ ನಡುವೆ ತಿರುಗುತ್ತ ನಿಂತಿತ್ತು, ಹುನಗುಂದದವರು ಕುಣಿಯುತ್ತಿದ್ದರು.

"ಬಾಜೂಲೆ ಬಂದೈತ್ರೀ ಸರ್! ಬಲೀ ಹರಕೊಂಡ ಬಂದೈತಿ!" ಎಂದು ಮೈಬೂಬ ರೆಫರಿಯ ಕಡೆಗೆ ಓಡಿದ. ರೆಫರಿ ಮೈದಾನದ ನಡುವಿನಿಂದ ಬರುವಷ್ಟರಲ್ಲಿ ಎರಡೂ ಕಡೆಯವರು ಮುತ್ತಿಕೊಂಡರು. ಎಲ್ಲರನ್ನೂ ಸರಿಸಿ ರೆಫರಿ ಬಲೆಯ ಮಗ್ಗುಲಿಗೆ ಬಂದು ಒಂದೊಂದೇ ಕಣ್ಣನ್ನು ಕೈಯಿಂದ ಸವರಿ ನೋಡಿದರು. ಎಲ್ಲಿಯೂ ಹರಿದಿರಲಿಲ್ಲ. ನನ್ನ ಕಡೆ ತಿರುಗಿ, "ಯಜಮಾನ್ರ, ನೀವು ಇಲ್ಲೇ ಕುಂತಿದ್ರಿ. ಬಲಿ ಹರದೈತೇನ್ರಿ?" ಎಂದರು.

ನಾನು ನೋಡಿದೆ. ಬಲೆ ಸರಿಯಾಗಿತ್ತು. "ಇಲ್ರೀ, ಹರದಿಲ್ಲ" ಎಂದೆ.

ಮೈಬೂಬ ನನ್ನನ್ನೇ ದಿಟ್ಟಿಸಿದ. "ಕಾಕಾ, ನೀವ ನೋಡೀರಲ್ಲರೀ!" ನಾನು ಮತ್ತೆ ಅದೇ ಮಾತು ಹೇಳಿದೆ. ಗೋಲು ನಿಂತಿತು, ಸೋತೆವು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಚೆಂಡು ಮುಖದತ್ತ ಬಂದಾಗ ನಾನು ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಅದೊಂದನ್ನು ಮಾತ್ರ ಹೇಳಲಿಲ್ಲ. ಊರಿನವರೆಲ್ಲರ ಕಣ್ಣನ್ನು ಸಂಶಯಿಸುತ್ತ ಬಂದವನು, ನನ್ನ ಕಣ್ಣು ಮುಚ್ಚಿತ್ತೆಂದು ಅಷ್ಟು ಜನರ ಎದುರು ಹೇಗೆ ಹೇಳಲಿ?

ಮುಂದಿನ ಎರಡು ದಿನ ನನಗೆ ಸಿಕ್ಕಷ್ಟು ಮರ್ಯಾದೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. "ನಮ್ಮವರ ವಿರುದ್ಧನ ಸಾಕ್ಷಿ ಹೇಳಿದ್ರು ನೋಡ್ರಿ. ಸತ್ಯ ಅಂದ್ರ ಕಾಕಾ" ಎಂದು ಚಹಾದಂಗಡಿಯಲ್ಲಿ ಸಂಗಣ್ಣ ಸಾರಿದ. ಆ ಮಾತಿನ ಇನ್ನೊಂದು ಮಗ್ಗುಲು ಮೈಬೂಬನ ಕುತ್ತಿಗೆಗೆ ಬಿತ್ತು. ಕಾಕಾ ಸತ್ಯವಾದರೆ ಅವನು ಸುಳ್ಳು. ಎದುರಿನ ಅಂಚಿನಿಂದ ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ಓಣಿಯ ತುಂಬ ಹರಿದಾಡಿತು. ಅದರಲ್ಲಿ ಮೈಬೂಬ ಕಲ್ಲಿನ ಕಂಬದಂತೆ ನಿಂತಿದ್ದ, ಚೆಂಡು ಬಲೆಯಲ್ಲಿತ್ತು. "ಅಲ್ಲಲೇ, ಅಂವ ಹುನಗುಂದದ ಅಳಿಯ ಅಲ್ಲೇನು? ಮಾವನ ಮನಿಗೆ ಉಡುಗೊರಿ ಕೊಟ್ಟಾನ" ಎಂದ ಒಬ್ಬ. ಎಲ್ಲರೂ ನಕ್ಕರು. ಸಂಜೆಯ ಹೊತ್ತಿಗೆ ಅದು ನಗೆಮಾತಾಗಿ ಉಳಿದಿರಲಿಲ್ಲ. ಮೈಬೂಬ ಸಂಘದ ಕೋಣೆಗೆ ಬಂದು, ತನ್ನ ಕೈಗವಸುಗಳನ್ನು ಬರಿಗಾಲಿನವರ ಪಟದ ಕೆಳಗಿನ ಹಲಗೆಯ ಮೇಲಿಟ್ಟು ಹೋದ. ಕೊನೆಯ ಪಂದ್ಯಕ್ಕೆ ಬೇರೆಯವನನ್ನು ನಿಲ್ಲಿಸಬೇಕೆಂದು ಕಮಿಟಿ ಗೊತ್ತುಮಾಡಿತು. ಆ ಬೇರೆಯವನು ಹಿಂದೊಮ್ಮೆ ಅರ್ಧ ಆಟ ನಿಂತು ನಾಲ್ಕು ಗೋಲು ಬಿಟ್ಟವನು.

ಬುಧವಾರ ಮುಂಜಾನೆ ಗೌರವ್ವ ಬಟ್ಟೆ ತೊಳೆಯುವ ಕಲ್ಲಿನಿಂದಲೇ ಕೂಗಿದಳು: "ಇದೇನ್ರೀ, ಅಂಗೀ ಕಿಸೇದಾಗ?"

ಆಕೆಯ ಒದ್ದೆ ಅಂಗೈಯಲ್ಲಿ ಹಸಿರು ನೈಲಾನಿನ ಈ ತುಂಡು ಇತ್ತು.

ನೇಕಾರ ಹಲ್ಲಿನಿಂದ ಕತ್ತರಿಸಿದ ತುದಿಯನ್ನೂ ನೆಲಕ್ಕೆ ಬಿಸಾಡುವುದಿಲ್ಲ, ಕಿಸೆಗೆ ಹಾಕಿಕೊಳ್ಳುತ್ತಾನೆ. ಶುಕ್ರವಾರದ ತುಂಡುಗಳನ್ನು ನಾನು ಸಂಘದ ಡಬ್ಬಿಗೆ ಹಾಕಿಯೇ ಏಳುತ್ತೇನೆ. ಈ ಅಂಗಿಯೋ, ಭಾನುವಾರ ಮುಂಜಾನೆ ಟ್ರಂಕಿನಿಂದ ತೆಗೆದು ತೊಟ್ಟದ್ದು, ಅದೇ ಸಂಜೆ ಕಳಚಿದ್ದು. ಅದನ್ನು ತೊಟ್ಟಿದ್ದಾಗ ನಾನು ಮೈದಾನದ ಹೊರತು ಬೇರೆಲ್ಲಿಯೂ ಹೋಗಿರಲಿಲ್ಲ. ನಾನು ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಬಲೆಯಲ್ಲಿ ನಾಲ್ಕು ಕಣ್ಣು ಕೂಡುವ ಕಡೆ ಒಂದು ಗಂಟು ಹೋದರೆ ನಾಲ್ಕೂ ಕಣ್ಣು ಒಂದಾಗಿ ಚೆಂಡು ಹಾಯುವಷ್ಟು ದಾರಿಯಾಗುತ್ತದೆ. ಅಲ್ಲಿಯೇ ಮತ್ತೊಂದು ಗಂಟು ಹಾಕಿದರೆ ದಾರಿ ಮುಚ್ಚುತ್ತದೆ. ನಾನು ಕಣ್ಣು ಮುಚ್ಚಿದ್ದೆ. ಕೈ ಮುಚ್ಚಿರಲಿಲ್ಲ.

ಪಕ್ಕದ ಮನೆಯವರಿಂದ ಮೊಬೈಲು ಇಸಿದುಕೊಂಡು ಆ ವಿಡಿಯೊವನ್ನು ಗೌರವ್ವಳಿಗೆ ತೋರಿಸಿದೆ. ಎಲ್ಲರೂ ಮೈಬೂಬನನ್ನು ನೋಡಿದ್ದರು. ಆಕೆ ಬಲೆಯ ಹಿಂದಿನ ಬಿಳಿ ಚುಕ್ಕೆಯನ್ನು, ಅಂದರೆ ನನ್ನನ್ನು, ನೋಡಿದಳು. ರೆಫರಿ ಇನ್ನೂ ದೂರವಿದ್ದಾಗ ಆ ಚುಕ್ಕೆ ಮುಂದೆ ಬಾಗಿತು. ಮೊಳಕೈ ಎರಡು ಸಲ ಕುಣಿಯಿತು. "ನಿಮ್ಮ ಮಗ್ಗದ ಎದರಿಗೆ ಕುಂತು ನಲವತ್ತ್ ವರ್ಷ ನೂಲಿನ ಕಂಡಕಿ ಸುತ್ತೇನಿ," ಎಂದಳು, "ಈ ಮೊಳಕೈ ನನಗ ಗೊತ್ತಿಲ್ಲೇನು? ಗಂಟ್ ಹಾಕೀರಿ." ಮೊಬೈಲನ್ನು ನನ್ನ ಕೈಗಿಟ್ಟು, "ಆ ಮನಶ್ಯಾನ ಮನ್ಯಾಗ ಮೂರ್ ದಿನದಿಂದ ಹೆಂಗ್ ಊಟಾ ಮಾಡ್ಯಾರೋ" ಎಂದಳು.

ಮೊದಲು ಕಲ್ಲಿನ ಕಾರ್ಖಾನೆಗೆ ಹೋದೆ. ಮೈಬೂಬ ಕಲ್ಲಿನ ರಾಡಿ ಮೆತ್ತಿಕೊಂಡು ಯಂತ್ರದ ಮುಂದೆ ನಿಂತಿದ್ದ. ನನ್ನನ್ನು ಕಂಡು ಯಂತ್ರ ನಿಲ್ಲಿಸಿದ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

"ಮೈಬೂ, ನಾ ಆವತ್ತ ಕಣ್ಣ್ ಮುಚ್ಚಿದ್ದೆ."

ಅವನು ಕೈಯೊರೆಸಿಕೊಂಡ. "ಊರು ಏನರ ಅನ್ಲಿ ಕಾಕಾ, ಅದಕ್ಕ ನಾ ಹೆದರೂದಿಲ್ಲ. ನೀವು ಹರದಿಲ್ಲ ಅಂದ್ರಲ್ಲ, ಆಗ ನನಗ ನಂದ ಕಣ್ಣಿನ ಮ್ಯಾಲ ಅನುಮಾನ ಬಂತು. ನಾ ಕಂಡದ್ದು ಖರೇನೋ ಖೋಟಾನೋ ಅಂತ ಇವತ್ತಿನ ತನಕ ವಿಚಾರ ಮಾಡಾಕ ಹತ್ತೇನಿ." ಮತ್ತೆ ಯಂತ್ರದ ಗುಂಡಿಯ ಮೇಲೆ ಕೈಯಿಟ್ಟು ಹೇಳಿದ: "ಇದನ್ನ ಅಲ್ಲೇ ಹೇಳಬೇಕಿತ್ತರೀ."

ಸಂಶಯವನ್ನು ನಾನು ಜೀವಮಾನವೆಲ್ಲ ಇತರರಿಗೆ ಹಂಚುತ್ತ ಬಂದವನು. ಅದು ಒಬ್ಬನಿಗೆ ಹೀಗೆ ತಟ್ಟುವುದನ್ನು ಎದುರು ನಿಂತು ನೋಡಿರಲಿಲ್ಲ.

ಗುರುವಾರ ಸಂಜೆ ಕಮಿಟಿಯ ಮುಂದೆ ಎಲ್ಲವನ್ನೂ ಹೇಳಿದೆ. ಸಂಗಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅವನ ಮುಖದ ಮೇಲೆ ಹಲವು ವರ್ಷಗಳಿಂದ ಕಾದಿದ್ದ ಸಂತೋಷವೊಂದು ಮೂಡಿತು.

"ಏನ್ ಹೇಳಿದ್ರೂ ಸಾಕ್ಷಿ ಎಲ್ಲೈತಿ, ಸಾಕ್ಷಿ ಎಲ್ಲೈತಿ ಅಂತ ನಮ್ಮ ಜೀವಾ ತಿಂದೀರಿ ಕಾಕಾ. ಈಗ ನಾ ಕೇಳ್ತೇನಿ. ಸಾಕ್ಷಿ ಎಲ್ಲೈತ್ರಿ?"

ವಿಡಿಯೊದ ಬಿಳಿ ಚುಕ್ಕೆ ಅವರಿಗೆ ಬರೀ ಚುಕ್ಕೆಯಾಗಿಯೇ ಕಂಡಿತ್ತು. ದಾರದ ತುಂಡನ್ನು ಮೇಜಿನ ಮೇಲಿಟ್ಟೆ.

"ದಾರ ನೇಕಾರನ ಕಿಸೇದಾಗ ಇರಲಾರದ ಮತ್ತ ವಕೀಲರ ಕಿಸೇದಾಗ ಇರ್ತೈತೇನ್ರಿ?" ಎಂದ. ಕೋಣೆ ನಕ್ಕಿತು. "ನೀವು ಕರುಳಿನ ಮನಶ್ಯಾರು. ಮೈಬ್ಯಾನ ಮ್ಯಾಲಿನ ಪ್ರೀತಿಗೆ ಹಿಂಗ ಹೇಳಾಕ ಹತ್ತೀರಿ. ರೆಫರಿ ಮುಂದ ಹೇಳಿದ್ದ ಮಾತ ಖರೇ."

ಅಂದರೆ ನಾನು ಮರೆಮಾಚಿ ಆಡಿದ ಮಾತು ಅವರಿಗೆ ಸತ್ಯ, ತೆರೆದು ಹೇಳಿದ್ದು ಕರುಣೆ. ನನಗೆ ಬಸ್ಸಿನಲ್ಲಿ ಸಿಕ್ಕ ಆ ಗೃಹಸ್ಥರ ನೆನಪಾಯಿತು.

ದಾರಿ ತೋರಿಸಿದವಳು ಗೌರವ್ವ. ಅಂದು ಊಟಕ್ಕೆ ಬಡಿಸುತ್ತ ಕೇಳಿದಳು: "ನೈಲಾನಿಗೆ ಹೆಂಗ್ ಕಟ್ಟತೀರಿ?" ನೈಲಾನು ಜಾರುತ್ತದೆ, ಹಾಗಾಗಿ ಎರಡು ಸುತ್ತು ಹಾಕಿ ಬೆರಳುದ್ದ ತುದಿ ಬಿಡುತ್ತೇನೆ ಎಂದೆ. "ಮಗ್ಗದ ಮ್ಯಾಲ?" ಅಲ್ಲಿ ನೂಲು, ಒಂದೇ ಸುತ್ತು, ತುದಿಯನ್ನು ಗಂಟಿಗೆ ತಾಗಿಸಿ ಕತ್ತರಿಸುವುದು. "ಮತ್ತ, ಮೈಮರತು ಕಟ್ಟಿದ್ದು ಯಾವ ಗಂಟ್ ಇದ್ದೀತು?" ಎಂದು ಹೇಳಿ ಇನ್ನೊಂದು ರೊಟ್ಟಿ ಹಾಕಿದಳು. ನಾನು ಆ ರೊಟ್ಟಿಯನ್ನು ಹಾಗೆಯೇ ಬಿಟ್ಟು ಎದ್ದು ಸಂಗಣ್ಣನ ಮನೆಗೆ ಹೋಗಿ, ನಾಳೆ ಮುಂಜಾನೆ ಬಲೆ ಕಟ್ಟಿಸು ಎಂದೆ.

ಶುಕ್ರವಾರ ಮುಂಜಾನೆ ಚೀಲದಿಂದ ಬಲೆ ತೆಗೆದು ಕಂಬಕ್ಕೆ ಕಟ್ಟಿದರು. ಕಮಿಟಿಯವರೆಲ್ಲ ಬಂದಿದ್ದರು. ಮೈಬೂಬನೂ ಬಂದು ದೂರ ನಿಂತಿದ್ದ. ಮಗ್ಗುಲಿನ ಬಲೆಯ ತುಂಬ ನನ್ನ ಹಸಿರು ಗಂಟುಗಳು, ಎಲ್ಲಕ್ಕೂ ಮೀಸೆಯಂತೆ ಉದ್ದ ತುದಿ. ಮೊಣಕಾಲಿನ ಎತ್ತರದಲ್ಲಿ, ನನ್ನ ಕಲ್ಲಿನಿಂದ ಕೈಗೆಟಕುವ ಜಾಗದಲ್ಲಿ, ಒಂದಕ್ಕೆ ಮಾತ್ರ ಮೀಸೆಯಿರಲಿಲ್ಲ. "ಇದು ಮಗ್ಗದ ಗಂಟು," ಎಂದೆ. "ನೈಲಾನಿನ ಮ್ಯಾಲ ನಿಲ್ಲೂದಿಲ್ಲ. ಹೊಡದ ನೋಡ್ರಿ."

ಒದೆಯಲು ಮೈಬೂಬನನ್ನು ಕರೆದರು. "ನಾ ಒದ್ರ ನಾನ ಹರದೆ ಅಂತೀರಿ. ಅಧ್ಯಕ್ಷರ ಒದೀಲಿ" ಎಂದ. ಸಂಗಣ್ಣ ಧೋತರವನ್ನು ಎತ್ತಿ ಕಟ್ಟಿದ. ಮೊದಲ ಒದೆತ ನೆಲಕ್ಕೆ ಬಿತ್ತು, ಚೆಂಡು ಅಲ್ಲಿಯೇ ಉಳಿಯಿತು. ಯಾರೂ ನಗಲಿಲ್ಲ. ಎರಡನೆಯದು ಕಂಬಕ್ಕೆ ಬಡಿಯಿತು. ಮೂರನೆಯದು ಹೋಗಿ ಬಲೆಯ ಮಗ್ಗುಲಿಗೆ ತಾಗಿತು. ಗಂಟು ಸದ್ದಿಲ್ಲದೆ ಜಾರಿತು. ಚೆಂಡು ಒಳಗೆ ಹೋಗಿ ತಿರುಗುತ್ತ ನಿಂತಿತು.

ಭಾನುವಾರ ಅದು ನಿಂತಿದ್ದ ಜಾಗದಲ್ಲಿಯೇ ಎಂದು ನಾನು ಬರೆದರೆ ಚೆನ್ನಾಗಿರುತ್ತಿತ್ತು. ಅಲ್ಲ, ಒಂದು ಮಾರು ಈಚೆಗೆ.

ಎಲ್ಲರೂ ಬಲೆಯ ಬಳಿಗೆ ಬಂದರು. ಆಗ ನನ್ನ ಮಣಿಕಟ್ಟನ್ನು ಯಾರೋ ಗಟ್ಟಿಯಾಗಿ ಹಿಡಿದರು. ನೋಡಿದರೆ ಮೈಬೂಬ. ನನ್ನ ಎರಡೂ ಕೈಗಳು ಆಗಲೇ ಬಲೆಯ ಬಿಚ್ಚಿದ ತುದಿಗಳನ್ನು ಹಿಡಿದಿದ್ದವು. "ಬ್ಯಾಡ್ರೀ ಕಾಕಾ," ಎಂದ ಮೆಲ್ಲಗೆ, "ಎಲ್ಲಾರೂ ನೋಡ್ಲಿ."

ಅಂದೇ ಲೀಗಿನವರಿಗೆ ಪತ್ರ ಮುಟ್ಟಿಸಿದೆವು. ರೆಫರಿಯ ತೀರ್ಪು ಕೊನೆಯದೆಂದು ಮರುದಿನವೇ ಉತ್ತರ ಬಂತು, ಅದು ನ್ಯಾಯವೇ. ಉಳಿದದ್ದು ಬಾಗಲಕೋಟೆಯವರ ಎದುರಿನ ಪಂದ್ಯ, ಅದೂ ನಮ್ಮ ಮೈದಾನದಲ್ಲೇ. ಸಂಗಣ್ಣ ಕೈಗವಸುಗಳನ್ನು ಹಲಗೆಯಿಂದ ತೆಗೆದು ಮೈಬೂಬನ ಮುಂದೆ ಹಿಡಿದ. ಆ ಮಾವನ ಮನೆಯ ಮಾತಾಡಿದವನು ಗೋಡೆ ನೋಡುತ್ತಿದ್ದ. ಮೈಬೂಬ ತಕ್ಷಣ ತೆಗೆದುಕೊಳ್ಳಲಿಲ್ಲ. "ಕಾಕಾ ಎಲ್ಲಿ ಕೂಡ್ತಾರು?" ಎಂದು ಕೇಳಿದ. ಈ ಸಲ ಕಾಕಾ ಬಲೆಯ ಹತ್ತಿರ ಬೇಡವೆಂದು ಕಮಿಟಿ ಆಗಲೇ ತೀರ್ಮಾನಿಸಿತ್ತು. "ಅವರು ಹಿಂದ ಕುಂತ್ರ ನಾ ಮುಂದ ನಿಲ್ತೇನಿ" ಎಂದು ಹೇಳಿ, ಉತ್ತರಕ್ಕೆ ಕಾಯದೆ ಕೈಗವಸು ಹಾಕಿಕೊಂಡ.

ಆ ಭಾನುವಾರ ಗೌರವ್ವಳೂ ಮೈದಾನಕ್ಕೆ ಬಂದಳು, ಮೊದಲ ಸಲ. ನನ್ನ ಮಗ್ಗುಲಲ್ಲಿ ಕುಳಿತು, ಚೀಲದಿಂದ ಸಿಕ್ಕುಬಿದ್ದ ನೂಲಿನ ದೊಡ್ಡ ಉಂಡೆಯೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟಳು. "ಬಿಡಿಸ್ಕೋಂತ ಕೂಡ್ರಿ. ಕೈ ಬಲೀಕಡೆ ಹೋಗಬಾರದು."

ಬಾಗಲಕೋಟೆಯವರು ನಮಗಿಂತ ಎಲ್ಲ ರೀತಿಯಲ್ಲೂ ಮೇಲು. ಆಟ ನಡೆದದ್ದೆಲ್ಲ ನಮ್ಮ ಗೋಲಿನ ಮುಂದೆ. ಮೈಬೂಬ ಬಿದ್ದ, ಎದ್ದ, ಮತ್ತೆ ಬಿದ್ದ. ಮೊಳಕೈ ಕಿತ್ತು ರಕ್ತ ಬರುತ್ತಿತ್ತು. ಅರ್ಧ ಆಟ ಮುಗಿದಾಗ ಗೋಲಿಲ್ಲ. ಮುಕ್ಕಾಲು ಮುಗಿದಾಗಲೂ ಇಲ್ಲ. ನಮ್ಮ ಕಡೆಯ ಜನ ಕೂಗುವುದನ್ನು ನಿಲ್ಲಿಸಿದ್ದರು. ಬೂಟಿನ ಸದ್ದು, ಉಸಿರಿನ ಸದ್ದು ಕೇಳುತ್ತಿತ್ತು.

"ಕಾಕಾ, ಎಷ್ಟ್ ಹೊತ್ತ್ ಉಳೀತು?"

"ಆರ್ ನಿಮಿಷ."

ಒಬ್ಬ ಹತ್ತಿರದಿಂದ ಬಲವಾಗಿ ಒದ್ದ. ಮೈಬೂಬನ ಬೆರಳ ತುದಿಗೆ ತಾಗಿದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು; ಗೆರೆಯ ಮೇಲೆ ನಿಂತು ಒಳಗೋ ಹೊರಗೋ ಎಂದು ಯೋಚಿಸಿತು. ಎರಡೂ ತಂಡಗಳ ಕಾಲು ಅದರತ್ತ ಬರುವಷ್ಟರಲ್ಲಿ ಮೈಬೂಬ ಹಿಂದಕ್ಕೆ ಹೊರಳಿ ಅದರ ಮೇಲೆ ಮಲಗಿದ. ನಾನು ಅಂದು ಕಣ್ಣು ಮುಚ್ಚಲಿಲ್ಲ. ಚೆಂಡು ಗೆರೆ ದಾಟಿರಲಿಲ್ಲ. ಯಾರು ಕೇಳಿದರೂ ಹೇಳಬಲ್ಲೆ. ಯಾರೂ ಕೇಳಲಿಲ್ಲ.

"ಕಾಕಾ?"

"ಒಂದ್ ನಿಮಿಷ, ಮೈಬೂ. ಒಂದ ನಿಮಿಷ."

ರೆಫರಿ ಸೀಟಿ ಊದಿದರು. ಪಂದ್ಯ ಸಮ. ನಾವು ಉಳಿದೆವು.

ಇಡೀ ಓಣಿ ಮೈದಾನಕ್ಕೆ ನುಗ್ಗಿತು. ಸಂಗಣ್ಣ ಮೈಬೂಬನನ್ನು ಎತ್ತಿಕೊಳ್ಳಲು ಹೋಗಿ ಅವನೊಂದಿಗೆ ತಾನೂ ಬಿದ್ದ. ನಾನು ಎದ್ದೆ, ಯಾರೋ ಕುತ್ತಿಗೆ ಹಿಡಿದು ಕೂಡಿಸಿದಂತಾಯಿತು. ಮತ್ತೆ ಎದ್ದೆ, ಮತ್ತೆ ಕುಳಿತೆ. ಕುತ್ತಿಗೆಗೆ ಸುತ್ತಿದ್ದ ವಸ್ತ್ರದ ಎರಡೂ ಕಡೆಯ ಜಾಲರಿ, ಒಂದೆಳೆಯನ್ನೂ ಬಿಡದಂತೆ, ಬಲೆಗೆ ಗಂಟುಬಿದ್ದಿತ್ತು. ಗೌರವ್ವ ಹಣೆ ಬಡಿದುಕೊಂಡಳು. ಚೆಂಡು ತೆಗೆದುಕೊಂಡು ಹೋಗಲು ಬಂದ ರೆಫರಿ ನಿಂತು ನೋಡಿದರು. "ಯಾರ್ರೀ ಇದು, ವಯಸ್ಸಾದವರ್ನ ಹಿಂಗ ಕಟ್ಟಿದವರು?" ಎಂದು ಸಿಟ್ಟಿನಿಂದ ಕೇಳಿದರು. ನನ್ನ ಬೆರಳು ಗಂಟಿನ ಕಡೆಗೆ ಹೊರಟಿತ್ತು. ಅದು ಮುಟ್ಟುವ ಮೊದಲೇ, "ನಾನರೀ, ನಾನ ಕಟ್ಟಿದ್ದು" ಎಂದು ಹೇಳಿಬಿಟ್ಟೆ. ಅಪ್ಪ ಇದ್ದಿದ್ದರೆ ಬೆನ್ನಿಗೆ ಒಂದು ಬೀಳುತ್ತಿತ್ತು.

ಬಿಡಿಸಲು ಬಂದವನು ಮೈಬೂಬ. ರಕ್ತ ಒಣಗಿದ ಕೈಯಿಂದ ಒಂದು ಗಂಟನ್ನು ಎಳೆದು ನೋಡಿ, "ಕಾಕಾ, ಎರಡ್ ಸುತ್ತ ಹಾಕೀರಲ್ರೀ ಇದಕ್ಕ!" ಎಂದ. ಎಷ್ಟು ಎಳೆದರೂ ಬಿಚ್ಚಲಿಲ್ಲ. ಕೊನೆಗೆ ವಸ್ತ್ರವನ್ನು ಅಲ್ಲಿಯೇ ಬಿಟ್ಟು ತಲೆಯನ್ನಷ್ಟೇ ಹೊರಗೆ ತೆಗೆದೆವು.

ಆ ಹೊತ್ತಿನಲ್ಲಿ ಯಾರೋ ತೆಗೆದ ಚಿತ್ರ ಈಗ ಸಂಘದ ಕೋಣೆಯಲ್ಲಿ, ಬರಿಗಾಲಿನವರ ಪಟದ ಪಕ್ಕದಲ್ಲಿ ತೂಗುತ್ತಿದೆ. ತಂಡ ಸೋತರೆ ಇಲ್ಲಿಂದ ಏಳುವುದಿಲ್ಲವೆಂದು ಕಾಕಾ ಶಪಥ ಮಾಡಿ ತನ್ನನ್ನು ಬಲೆಗೆ ಕಟ್ಟಿಕೊಂಡಿದ್ದರು ಎಂದು ಸಂಗಣ್ಣ ಬಂದವರಿಗೆಲ್ಲ ಹೇಳುತ್ತಾನೆ. ಹಾಗಲ್ಲ, ಕೈ ತಾನಾಗಿ ಕಟ್ಟಿತು, ನನಗೆ ಗೊತ್ತೇ ಇರಲಿಲ್ಲ ಎನ್ನುತ್ತೇನೆ. "ಸಾಕ್ಷಿ ಎಲ್ಲೈತ್ರಿ ಕಾಕಾ?" ಎಂದು ನಗುತ್ತಾರೆ.

ಸಾಕ್ಷಿ ಆ ಚಿತ್ರದಲ್ಲೇ ಇದೆ. ಬೆಳಕಿಗೆ ಹಿಡಿದು ನೋಡಿದರೆ ಕಲ್ಲಿನ ಕೆಳಗೆ, ಗೌರವ್ವಳ ಸೀರೆಯ ದಡಿಯ ನೆರಳಿನಲ್ಲಿ, ನೂಲಿನ ಉಂಡೆಯೊಂದು ಬಿದ್ದಿದೆ. ಒಂದೆಳೆಯೂ ಬಿಡಿಸದ ಸಿಕ್ಕು. ಶಪಥ ಮಾಡಿದವನ ಹತ್ತಿರ ಅದಕ್ಕೇನು ಕೆಲಸವೆಂದು ಇದುವರೆಗೆ ಯಾರೂ ಕೇಳಿಲ್ಲ. ನಾನು ಶುಕ್ರವಾರ ಶುಕ್ರವಾರ ಅದೇ ಪಟದ ಕೆಳಗೆ ಬಲೆ ಹರಡಿಕೊಂಡು ಕುಳಿತಿರುತ್ತೇನೆ, ಯಾರಾದರೂ ಕೇಳಿಯಾರೆಂದು.